ಮಿಸ್, ಹಕ್ಕಿ ಎಲ್ಲಿದೆ?

ನವೆಂಬರ್ ಬಂತೆಂದರೆ ಮಕ್ಕಳ ದಿನಾಚರಣೆಯ ತಯಾರಿ ಶುರು. ಈ ಸಲ ನಮ್ಮ ಯುಕೆಜಿ ಪಾಲಿಗೆ ಬಂದಿದ್ದು ಮಕ್ಕಳ ಹಕ್ಕುಗಳು. ಗೋಡೆಗೆ ಚಾರ್ಟ್ ಅಂಟಿಸಿ, "ನಮಗೆ ಆಡುವ ಹಕ್ಕಿದೆ, ನಮಗೆ ಕಲಿಯುವ ಹಕ್ಕಿದೆ" ಅಂತ ಹೇಳಿಕೊಡುತ್ತಿದ್ದೆ. ಮಕ್ಕಳೆಲ್ಲ ಒಂದೇ ರಾಗದಲ್ಲಿ ಕೂಗುತ್ತಿದ್ದರು. ಮುಂದೆ ಕೂತ ಹುಡುಗ ಮಾತ್ರ ಕಿಟಕಿ ನೋಡಿದ, ಮೇಲೆ ನೋಡಿದ, ಕೊನೆಗೆ ಕೇಳಿದ: "ಮಿಸ್, ಹಕ್ಕಿ ಎಲ್ಲಿದೆ?"

ನನಗೆ ನಗು ಬರಲಿಲ್ಲ, ಬೇಜಾರಾಯಿತು. ಒಂದು ವಾರದಿಂದ ಬಾಯಿಪಾಠ ಮಾಡಿಸಿದ್ದೇನೆ. ಅದು ಏನು ಅಂತ ಒಂದು ಮಗುವಿಗೂ ಗೊತ್ತಿಲ್ಲ.

ಚಾರ್ಟ್ ಅಲ್ಲಿಗೇ ಬಿಟ್ಟು ಟಬ್ಬಿಗೆ ನೀರು ತುಂಬಿಸಿದೆ. ಅವತ್ತಿನ ವಿಜ್ಞಾನದ ಆಟ, ತೇಲುತ್ತೋ ಮುಳುಗುತ್ತೋ. ಕಲ್ಲು ಮುಳುಗಿತು, ಒಣ ಎಲೆ ತೇಲಿತು. ಕಿತ್ತಳೆ? "ಮುಳುಗುತ್ತೆ, ಅದು ಭಾರ" ಅಂದರು ಎಲ್ಲರೂ. ತೇಲಿತು! ಇನ್ನು ಸಿಪ್ಪೆ ತೆಗೆದು ತೋರಿಸಬೇಕು. ನಾನು ಉಗುರು ಊರಿದ್ದೆ ಅಷ್ಟೇ, ಅದೇ ಹುಡುಗ ಕೈ ಚಾಚಿದ. "ನಾನೇ ಸುಲೀತೀನಿ."

ಉಗುರು ನಾಟಲಿಲ್ಲ. ಹಲ್ಲಲ್ಲಿ ಕಚ್ಚಿದ, ಕಹಿಗೆ ಮುಖ ಕಿವುಚಿದ, ಮತ್ತೆ ಕಚ್ಚಿದ. ರಸ ಮೊಣಕೈವರೆಗೂ ಇಳಿಯಿತು. ನನ್ನ ಕೈ ಎರಡು ಸಲ ಮುಂದೆ ಹೋಯಿತು, ಎರಡು ಸಲವೂ ಹಿಂದಕ್ಕೆ ತಗೊಂಡೆ. ಮನೆಯಲ್ಲೂ ಹೀಗೇ ಅಲ್ವಾ? ಹೊತ್ತಾಯ್ತು ಅಂತ ಗುಂಡಿ ಹಾಕೋದೂ ನಾವೇ, ತುತ್ತು ಇಡೋದೂ ನಾವೇ.

ಅರ್ಧ ಸುಲಿದವನೇ ಹಣ್ಣನ್ನು ನೀರಿಗೆ ಬಿಟ್ಟ. ಅದು ಮಗುಚಿಕೊಂಡಿತು. ಸಿಪ್ಪೆ ಇದ್ದ ಕಡೆ ಮೇಲೆ, ಬೋಳು ಕಡೆ ಕೆಳಗೆ! ನಾನೂ ಇದನ್ನು ನೋಡಿರಲಿಲ್ಲ. ಪೂರ್ತಿ ಸುಲಿದ ಮೇಲೆ ಸೀದಾ ತಳ ಸೇರಿತು. "ಸಿಪ್ಪೆನೇ ಹಿಡ್ಕೊಂಡಿತ್ತು" ಅಂದಳು ಒಬ್ಬಳು. ನಿಜ. ಸಿಪ್ಪೆಯಲ್ಲಿ ಗಾಳಿ ತುಂಬಿದ ಸಣ್ಣ ಸಣ್ಣ ಜಾಗಗಳಿರುತ್ತವೆ. ಈಜು ಕಲಿಯುವಾಗ ಟ್ಯೂಬ್ ಕಟ್ಟಿಕೊಳ್ಳುತ್ತೇವಲ್ಲ, ಹಾಗೆ ಅಂದೆ. ತಕ್ಷಣ ಹಿಡಿದರು.

1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. 1992ರಲ್ಲಿ ಭಾರತವೂ ಅದಕ್ಕೆ ಸೇರಿತು. ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತಿಗೂ ಬೆಲೆ ಕೊಡಬೇಕು ಅನ್ನುತ್ತದೆ ಅದರ 12ನೇ ವಿಧಿ. ನಮ್ಮ ಶಿಕ್ಷಣ ಹಕ್ಕು ಕಾಯ್ದೆ ಲೆಕ್ಕ ಹಿಡಿಯುವುದು 6ರಿಂದ 14 ವರ್ಷದ ಮಕ್ಕಳನ್ನು. ನನ್ನ ಕ್ಲಾಸಿನವರು ಇನ್ನೂ ಐದರವರು. ಅವರ ಮಾತು ಕೇಳಿಸಿಕೊಳ್ಳೋಕೆ ಕಾಯ್ದೆಗೆ ಕಾಯಬೇಕಾ?

ಮರುದಿನ ಅವನನ್ನು ಪಕ್ಕ ಕೂರಿಸಿಕೊಂಡೆ. "ನಿನ್ನೆ ನಾನೇ ಸುಲೀತೀನಿ ಅಂದೆಯಲ್ಲ, ನಾನು ನಿನ್ನ ಮಾತು ಕೇಳಿ ಬಿಟ್ಟೆನಲ್ಲ, ಅದೇ ಹಕ್ಕು."

ಸ್ವಲ್ಪ ಹೊತ್ತು ಯೋಚಿಸಿದ. "ಹಂಗಾದ್ರೆ ಇವತ್ತು ಅವಳು ಸುಲೀಲಿ" ಅಂತ ಪಕ್ಕದವಳ ಕಡೆ ಕೈ ತೋರಿಸಿದ.

ಚಾರ್ಟ್ ತೆಗೆದಿಟ್ಟಿದ್ದೇನೆ. 14ರಂದು ವೇದಿಕೆ ಮೇಲೆ ಟಬ್ ಇಡೋಕೆ ಹೆಡ್ ಮಿಸ್ ಒಪ್ಪಿದ್ದಾರೆ. ಎಷ್ಟು ನಿಮಿಷ ಬೇಕು ಅಂತ ಕೇಳಿದರು. ಕಿತ್ತಳೆ ಸುಲಿಯೋಕೆ ಎಷ್ಟು ಬೇಕೋ ಅಷ್ಟು ಅಂದಿದ್ದೇನೆ.