ದೂರದ ಫ್ಲೈಟ್‌ಗೆ ಯಾವ ಇಯರ್‌ಫೋನ್ ತಗೊಳ್ಳಲಿ?

"ಅಣ್ಣಾ, ಅಮ್ಮ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದಾಳೆ. ಮೊದಲನೇ ಸಲ. ಕಿವಿಗೆ ಹಾಕ್ಕೊಳ್ಳೋಕೆ ಏನು ಕೊಡಿಸ್ಲಿ? ಯಾವ ಕಂಪನಿದು ಒಳ್ಳೇದು?"

ವರ್ಷಕ್ಕೆ ನಾಲ್ಕೈದು ಸಲವಾದರೂ ಈ ಫೋನ್ ಬರುತ್ತದೆ. ಕೆಲಸದ ಮೇಲೆ ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಓಡಾಡುವವನು ನಾನು, ಹಾಗಾಗಿ ನಮ್ಮ ಮನೆತನದಲ್ಲಿ, ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಯಾರೇ ಪಾಸ್‌ಪೋರ್ಟ್ ತೆಗೆದರೂ ಈ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ನಾನು ಯಾರಿಗೂ ಕಂಪನಿಯ ಹೆಸರು ಹೇಳುವುದಿಲ್ಲ. ಕೇಳಿದವರಿಗೆ ತಿರುಗಿ ಕೇಳುವುದು ಒಂದೇ: ಅವರ ಎಡಗಿವಿಗೆ ಯಾವ ಸೈಜಿನ ಟಿಪ್ (ಇಯರ್‌ಫೋನಿನ ತುದಿಯ ಮೆತ್ತನೆ ಟೋಪಿ) ಕೂರುತ್ತದೆ, ಬಲಗಿವಿಗೆ ಯಾವುದು, ನೋಡಿದ್ದೀಯಾ?

ಯಾರೂ ನೋಡಿರುವುದಿಲ್ಲ. ಹೊಸ ಇಯರ್‌ಫೋನಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಜೊತೆ ರಬ್ಬರ್ ಟಿಪ್ ಇರುತ್ತವೆ. ಮಧ್ಯದ ಸೈಜು ಮೊದಲೇ ಸಿಕ್ಕಿಸಿರುತ್ತದೆ. ಉಳಿದ ಎರಡು ಜೊತೆ ಡಬ್ಬಿಯಲ್ಲೇ ಉಳಿದು, ಡಬ್ಬಿಯ ಜೊತೆಗೇ ಕಸಕ್ಕೆ ಹೋಗುತ್ತವೆ. ಹದಿನೈದು ಸಾವಿರ ಕೊಟ್ಟು ತಂದವರೂ ಹೀಗೇ ಮಾಡಿದ್ದನ್ನು ನೋಡಿದ್ದೇನೆ.

ಟಿಪ್ಪಿಗೆ ಇಷ್ಟು ಮಹತ್ವ ಯಾಕೆ ಅಂತ ತಿಳಿಯಬೇಕಾದರೆ ವಿಮಾನದೊಳಗಿನ ಸದ್ದನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ಮೇಲೇರಿ ಸಮಕ್ಕೆ ಬಂದ ವಿಮಾನದ ಒಳಗೆ ಸಾಮಾನ್ಯವಾಗಿ 80ರಿಂದ 85 ಡೆಸಿಬೆಲ್ ಆಸುಪಾಸಿನ ಸದ್ದಿರುತ್ತದೆ. ಅದರಲ್ಲಿ ಎಂಜಿನ್ನಿನದು ಒಂದು ಪಾಲು. ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ವಿಮಾನದ ಮೈಗೆ ಉಜ್ಜಿಕೊಂಡು ಹೋಗುವ ಗಾಳಿಯದು ಇನ್ನೊಂದು ಪಾಲು. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಸದ್ದು ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಈಗ ಯೋಚನೆ ಮಾಡಿ. ಸರಿಯಾಗಿ ಕೂರದ ಇಯರ್‌ಫೋನ್ ಹಾಕಿಕೊಂಡವರು ಏನು ಮಾಡುತ್ತಾರೆ? ಆ ಮೊರೆತವನ್ನು ಮೀರಿ ಹಾಡು ಕೇಳಬೇಕಲ್ಲ, ವಾಲ್ಯೂಮ್ ಏರಿಸುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನಡುವೆ ನೇರ ವಿಮಾನ ಶುರು ಮಾಡಿದಾಗ ಅದು ಸುಮಾರು 14,000 ಕಿ.ಮೀ. ದಾರಿ, ಹದಿನಾರು–ಹದಿನೇಳು ಗಂಟೆ ಒಂದೇ ಸೀಟಿನಲ್ಲಿ. ಅಷ್ಟು ಹೊತ್ತು ಮೊರೆತದ ಮೇಲೆ ಹಾಡು ಸುರಿದುಕೊಂಡರೆ ಕಿವಿಯ ಗತಿ ಏನು? ಇಯರ್‌ಫೋನಿನ ಮೊದಲ ಕೆಲಸ ಸದ್ದನ್ನು ಹೊರಗೆ ನಿಲ್ಲಿಸುವುದು. ಹಾಡು ಕೇಳಿಸುವುದು ಎರಡನೆಯದು.

"ನಾಯ್ಸ್ ಕ್ಯಾನ್ಸಲೇಶನ್ ಇರೋದು ತಗೊಂಡ್ರೆ ಆಯ್ತಲ್ಲ?" ಅಂತ ಮುಂದಿನ ಪ್ರಶ್ನೆ. ಅದು ನಿಜಕ್ಕೂ ದೊಡ್ಡ ಉಪಕಾರ, ಅದು ಹುಟ್ಟಿದ್ದೇ ವಿಮಾನದಲ್ಲಿ ಕೂತವರೊಬ್ಬರ ಬೇಸರದಿಂದ. 1978ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರೊಫೆಸರ್ ಅಮರ್ ಬೋಸ್, ಅವರ ತಂದೆ ಬಂಗಾಳದವರು, ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೊರಟಿದ್ದರು. ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಸಂಗೀತವೆಲ್ಲ ಮೊರೆತದಲ್ಲಿ ಮುಳುಗಿಹೋಯಿತು. ಅಲ್ಲೇ ಕೂತು ಆ ಮೊರೆತವನ್ನು ಅಳಿಸುವುದು ಹೇಗೆಂದು ಲೆಕ್ಕ ಹಾಕಲು ಶುರು ಮಾಡಿದರು. 1986ರಲ್ಲಿ ವಾಯೇಜರ್ ಎಂಬ ಪುಟ್ಟ ವಿಮಾನ ಎಲ್ಲೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ 9 ದಿನದಲ್ಲಿ ಭೂಮಿ ಸುತ್ತಿತಲ್ಲ, ಅದರಲ್ಲಿದ್ದ ಇಬ್ಬರ ಕಿವಿ ಕಾದದ್ದು ಆ ಲೆಕ್ಕದಿಂದ ತಯಾರಾದ ಮಾದರಿ ಹೆಡ್‌ಸೆಟ್. ನಮ್ಮಂಥ ಪ್ರಯಾಣಿಕರ ಕೈಗೆ ಅದು ಬಂದದ್ದು 2000ದಲ್ಲಿ.

ಅದರ ಕೆಲಸ ಇಷ್ಟು: ಮೈಕು ಹೊರಗಿನ ಸದ್ದು ಕೇಳಿಸಿಕೊಂಡು, ಅದಕ್ಕೆ ಸರಿಯಾಗಿ ಉಲ್ಟಾ ಅಲೆಯನ್ನು ಕಿವಿಯೊಳಗೆ ಬಿಡುತ್ತದೆ. ನಿಧಾನಕ್ಕೆ ತೂಗುವ ಉಯ್ಯಾಲೆಗೆ ಎದುರು ಕೈ ಕೊಟ್ಟು ನಿಲ್ಲಿಸಿದ ಹಾಗೆ. ಎಂಜಿನ್ನಿನ ತಗ್ಗು ದನಿಯ ಗುಂಯ್ ಅನ್ನುವ ಸದ್ದು ಅಂಥ ಉಯ್ಯಾಲೆ; ಮುಂದಿನ ಕ್ಷಣ ಎಲ್ಲಿಗೆ ಬರುತ್ತದೆಂದು ಗೊತ್ತು, ಹಿಡಿಯಬಹುದು. ಮೂರು ಸಾಲು ಹಿಂದೆ ಕೂಸು ಕಿರುಚಿದ್ದು ಹಾಗಲ್ಲ. ಅದು ಗಾಳಿಗೆ ಪಟಪಟ ಅಲ್ಲಾಡುವ ಎಲೆ, ಎದುರು ಕೈ ಕೊಡುವಷ್ಟರಲ್ಲಿ ಬೇರೆ ಕಡೆ ತಿರುಗಿರುತ್ತದೆ. ಮಗುವಿನ ಅಳು, ತಟ್ಟೆ ಲೋಟದ ಸದ್ದು, ಪಕ್ಕದವರ ಮಾತು, ಇವನ್ನು ತಡೆಯುವುದು ಎಲೆಕ್ಟ್ರಾನಿಕ್ಸ್ ಅಲ್ಲ, ಕಿವಿಯ ಬಾಯಿಗೆ ಬಿರಡೆಯ ಹಾಗೆ ಕೂತ ಟಿಪ್. ಅದು ಸಡಿಲವಾಗಿದ್ದರೆ ಕ್ಯಾನ್ಸಲೇಶನ್ ಕೂಡ ಅರ್ಧಂಬರ್ಧ. ಇದಕ್ಕೇ ನಾನು ಮೊದಲು ಟಿಪ್ಪಿನ ಬಗ್ಗೆ ಕೇಳುವುದು.

ಮನೆಯಲ್ಲೇ ನೋಡಿಕೊಳ್ಳುವ ದಾರಿ ಇದೆ. ಇಯರ್‌ಫೋನ್ ಹಾಕಿಕೊಂಡು, ಯಾವ ಹಾಡೂ ಹಾಕದೆ, ಬಾಯಿ ಮುಚ್ಚಿ "ಮ್‌ಮ್‌" ಅನ್ನಿ. ಎರಡೂ ಕಡೆ ನಿಮ್ಮ ದನಿ ಕೊಡಪಾನದೊಳಗೆ ಮಾತಾಡಿದ ಹಾಗೆ ಸಮನಾಗಿ ಗುಮ್ಮೆಂದರೆ ಸರಿ. ಒಂದು ಕಡೆ ಮಾತ್ರ ಗುಮ್ಮೆಂದರೆ ಇನ್ನೊಂದು ಕಡೆ ಗಾಳಿ ನುಗ್ಗುತ್ತಿದೆ ಅಂತ ಅರ್ಥ, ಆ ಕಡೆ ಬೇರೆ ಸೈಜು ಹಾಕಿ. ಎರಡು ಕಿವಿಯೂ ಒಂದೇ ಅಳತೆ ಇರಬೇಕೆಂದಿಲ್ಲ. ನನ್ನ ಎಡಗಿವಿಗೆ ಮಧ್ಯದ್ದು, ಬಲಗಿವಿಗೆ ದೊಡ್ಡದು. ಆಮೇಲೆ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿಸಿ. ಅದರ ಕಿರಿಚಾಟ ಎಷ್ಟು ಕಡಿಮೆಯಾಯಿತು ಅನ್ನುವುದು ಟಿಪ್ಪಿನ ಪರೀಕ್ಷೆ. ಫ್ಯಾನು ಐದರಲ್ಲಿಟ್ಟು ಅದರ ಮೊರೆತ ಎಷ್ಟು ಇಳಿಯಿತು ಅನ್ನುವುದು ಕ್ಯಾನ್ಸಲೇಶನ್ನಿನ ಪರೀಕ್ಷೆ.

ರಬ್ಬರ್ ಟಿಪ್ ಯಾವುದೂ ಒಗ್ಗದಿದ್ದರೆ ಫೋಮ್ ಟಿಪ್ ತರಿಸಿ. ಬೇರೆಯಾಗಿಯೇ ಸಿಗುತ್ತವೆ, ಟಿಪ್ ಸಿಕ್ಕಿಸುವ ಇಯರ್‌ಫೋನಿನ ನಳಿಕೆಯ ಅಳತೆ ನೋಡಿ ಕೊಳ್ಳಬೇಕು ಅಷ್ಟೆ. ಅದನ್ನು ಹಾಗೇ ಕಿವಿಗೆ ತುರುಕುವುದಲ್ಲ. ಎರಡು ಬೆರಳಿನ ನಡುವೆ ಹೊಸೆದು ಸಣ್ಣಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯ ತುದಿಯನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು. ಆಗ ಒಳಗಿನ ದಾರಿ ನೆಟ್ಟಗಾಗುತ್ತದೆ. ಒಳಗಿಟ್ಟು, ಅರ್ಧ ನಿಮಿಷ ಬೆರಳಿನಿಂದ ಹಿಡಿದುಕೊಂಡಿರಬೇಕು. ಅದು ನಿಧಾನಕ್ಕೆ ಅರಳಿ ಕಿವಿಯ ಆಕಾರಕ್ಕೇ ತುಂಬಿಕೊಳ್ಳುತ್ತದೆ, ಹೊರಗಿನ ಸದ್ದು ಒಂದೊಂದೇ ಮೆಟ್ಟಿಲು ಇಳಿದು ದೂರ ಹೋದ ಹಾಗೆ ಅನ್ನಿಸುತ್ತದೆ. ನಮ್ಮಮ್ಮನಿಗೆ ಇದನ್ನು ತೋರಿಸಿಕೊಟ್ಟಾಗ ಎರಡನೇ ಸಲ ಹೇಳಬೇಕಾಗಲಿಲ್ಲ. ದಿನಾ ದೇವರ ದೀಪಕ್ಕೆ ಬತ್ತಿ ಹೊಸೆದ ಕೈ, ಆ ಫೋಮನ್ನು ಒಂದೇ ಸುತ್ತಿಗೆ ಸೂಜಿಯಷ್ಟು ಸಣ್ಣ ಮಾಡಿಬಿಟ್ಟಳು.

ಅಮ್ಮನಿಗೆ ಮೊದಲು ನಾನು ಕೊಡಿಸಿದ್ದು ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್. ಒಳ್ಳೆಯದೇ. ಆದರೆ ಅವಳ ಕಿವಿಯಲ್ಲಿ ಬೆಂಡೋಲೆ ಇದೆ. ಒಂದು ಗಂಟೆಯಲ್ಲಿ ಮೆತ್ತೆ ಓಲೆಯನ್ನು ಒತ್ತಿ, ಓಲೆಯ ತಿರುಪು ಹಿಂದೆ ಚುಚ್ಚಿ, ಕಿವಿ ಕೆಂಪಾಗಿತ್ತು. ಓಲೆ ಬಿಚ್ಚಿಡು ಅಂತ ಹೇಳುವ ಮಾತೇ ಇಲ್ಲ. ಜೊತೆಗೆ ಕಿಟಕಿಗೆ ತಲೆ ಆನಿಸಿ ಮಲಗಲಿಕ್ಕೂ ಅದು ಬಿಡುವುದಿಲ್ಲ. ಕಿವಿಯೊಳಗೆ ಕೂರುವ ಇಯರ್‌ಫೋನ್ ದೂರದ ಪ್ರಯಾಣಕ್ಕೆ ಒಳ್ಳೆಯದು ಅಂತ ನಾನು ಹೇಳುವುದು ಈ ಎರಡು ಕಾರಣಕ್ಕೆ. ಅದರಲ್ಲೂ ಕಿವಿಯಿಂದ ಹೊರಗೆ ಚಾಚಿಕೊಳ್ಳದ, ಬೊಟ್ಟಿನಂತೆ ಒಳಗೇ ಕೂರುವ ಆಕಾರದ್ದನ್ನು ಆರಿಸಿ. ದಿಂಬಿಗೆ ಕಿವಿ ಕೊಟ್ಟು ಮಲಗಿ ನೋಡದೆ ಕೊಳ್ಳಬೇಡಿ.

ವೈರಿನದೋ, ವೈರಿಲ್ಲದ ಬಡ್ಸೋ? ಮೊದಲ ಸಲ ಹೊರಟ ಹಿರಿಯರಿಗೆ ಕಣ್ಣುಮುಚ್ಚಿ ವೈರಿನದು. ಚಾರ್ಜಿನ ಗೊಡವೆ ಇಲ್ಲ, ಕೈಜಾರಿದರೂ ಕೊರಳಲ್ಲೇ ನೇತಾಡುತ್ತದೆ, ಸೀಟಿನ ಸ್ಕ್ರೀನಿಗೆ ನೇರ ಸಿಕ್ಕಿಸಬಹುದು. ಎರಡು ಸಾವಿರದೊಳಗೆ ಬಹಳ ಚೆನ್ನಾಗಿರುವುದು ಸಿಗುತ್ತದೆ. ವೈರನ್ನು ಕಿವಿಯ ಮೇಲಿಂದ ಹಿಂದಕ್ಕೆ ಸುತ್ತಿ ತರುವಂಥದ್ದಾದರೆ, ಅದು ಸೀರೆಗೋ ಸ್ವೆಟರಿಗೋ ಉಜ್ಜಿದ ಸದ್ದು ಒಳಗೆ ಬರುವುದು ಕಡಿಮೆ. ಒಂದೇ ಎಚ್ಚರಿಕೆ: ಕೆಲವು ಹಳೆಯ ಸೀಟುಗಳಲ್ಲಿ ಎರಡು ತೂತು ಇರುತ್ತವೆ, ಒಂದೊಂದು ತೂತು ಒಂದೊಂದು ಕಿವಿಗೆ. ನಮ್ಮ ಮಾಮೂಲಿ ಪಿನ್ನನ್ನು ಒಂದಕ್ಕೆ ಹಾಕಿದರೆ ಅರ್ಧ ಸದ್ದು ಮಾತ್ರ. ಎರಡು ಕಾಲಿನ ಸಣ್ಣ ಅಡಾಪ್ಟರ್ ಜೊತೆಯಲ್ಲಿರಲಿ.

ನಾನು ಬಳಸುವುದು ಬಡ್ಸ್. ಕ್ಯಾನ್ಸಲೇಶನ್ ಹಾಕಿದರೆ ಸಾಮಾನ್ಯವಾಗಿ ಐದಾರು ಗಂಟೆ ಬರುತ್ತವೆ, ಹಾಗಾಗಿ ಊಟದ ಟ್ರೇ ಬಂದ ಕೂಡಲೇ ತೆಗೆದು ಚಾರ್ಜ್ ಮಾಡುವ ಡಬ್ಬಿಗೆ ಹಾಕುತ್ತೇನೆ. ಕಿವಿ ತುಂಬಿಕೊಂಡು ಅಗಿಯುವಾಗ ತಲೆಯೊಳಗೆ ಕುಟ್ಟಿದ ಹಾಗಾಗುತ್ತದೆ, ಹೇಗಿದ್ದರೂ ತೆಗೆಯಲೇಬೇಕು. ನಿದ್ದೆಗಣ್ಣಿನಲ್ಲಿ ಬಡ್ ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಹಿಂದೆ ಮುಂದೆ ಮಾಡಬೇಡಿ. ಒಳಗೆ ಲಿಥಿಯಂ ಬ್ಯಾಟರಿ ಇದೆ, ನಜ್ಜಾದರೆ ಬೆಂಕಿಯ ಭಯ. ಸಿಬ್ಬಂದಿಯನ್ನು ಕರೆಯಿರಿ.

ಈಗ, ನಾನು ಎಲ್ಲಕ್ಕಿಂತ ಒತ್ತಿ ಹೇಳುವ ಮಾತು. ಕೆಲವು ವರ್ಷದ ಹಿಂದೆ ನೆಗಡಿ ಇಟ್ಟುಕೊಂಡೇ ಹೊರಟಿದ್ದೆ. ಫೋಮ್ ಟಿಪ್ ಗಟ್ಟಿಯಾಗಿ ಹಾಕಿಕೊಂಡು ನಿದ್ದೆ ಹೋದವನಿಗೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುವಾಗ ಎಚ್ಚರವಾಯಿತು, ಬಲಗಿವಿಯೊಳಗೆ ಯಾರೋ ಮೊಳೆ ಹೊಡೆದ ಹಾಗೆ ನೋವು. ಎರಡು ದಿನ ಆ ಕಿವಿ ನೀರಿನೊಳಗಿತ್ತು. ಆಗಿದ್ದು ಇಷ್ಟು. ವಿಮಾನ ಮೇಲಿರುವಾಗ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು. ನಮ್ಮ ಮುಳ್ಳಯ್ಯನಗಿರಿ 6,300 ಅಡಿಗೂ ಮಿಕ್ಕಿದೆ, ಅದರ ನೆತ್ತಿಯಲ್ಲಿ ಕೂತಿದ್ದೇವೆ ಅಂದುಕೊಳ್ಳಿ. ಇಳಿಯುವಾಗ ಒತ್ತಡ ಅರ್ಧ ಗಂಟೆಯಲ್ಲಿ ಏರುತ್ತದೆ. ಕಿವಿಪರದೆಯ ಒಳಗಡೆಗೆ ಗಂಟಲಿನಿಂದ ಹೋಗುವ ಸಣ್ಣ ಕೊಳವೆ ತೆರೆದುಕೊಂಡು ಸಮ ಮಾಡಬೇಕು. ನೆಗಡಿಯಲ್ಲಿ ಅದು ಕಟ್ಟಿರುತ್ತದೆ, ನಿದ್ದೆಯಲ್ಲಿ ನಾವು ಉಗುಳು ನುಂಗುವುದೂ ಕಡಿಮೆ. ಹೊರಗಡೆಯನ್ನೂ ಟಿಪ್ಪಿನಿಂದ ಬಿಗಿದುಬಿಟ್ಟರೆ ಅಲ್ಲಿ ಸಿಕ್ಕಿಬಿದ್ದ ಗಾಳಿಯದು ಇನ್ನೊಂದು ಕಾಟ. ಅದಕ್ಕೇ ವಿಮಾನ ಇಳಿಯಲು ಶುರುವಾಯಿತು ಅಂತ ಹೇಳಿದ ಕೂಡಲೇ ಎರಡೂ ತೆಗೆದು ಚೀಲಕ್ಕೆ ಹಾಕಿ, ಎಚ್ಚರವಾಗಿರಿ, ಶುಂಠಿ ಪೆಪ್ಪರಮೆಂಟನ್ನೋ ಕಲ್ಲುಸಕ್ಕರೆಯನ್ನೋ ಚೀಪುತ್ತಾ ನುಂಗುತ್ತಿರಿ. ಜೋರು ನೆಗಡಿ ಇದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ.

ಕೊಂಡ ಮೇಲೆ ನೇರ ವಿಮಾನಕ್ಕೆ ಒಯ್ಯಬೇಡಿ. ಊರಿಗೆ ಹೋಗುವ ಬಸ್ಸಿನಲ್ಲಿ ಒಂದು ರಾತ್ರಿ ಹಾಕಿಕೊಂಡು ಮಲಗಿ ನೋಡಿ. ಅಂಗಡಿಯಲ್ಲಿ ಐದು ನಿಮಿಷ ಹಾಯೆನಿಸಿದ್ದು ಮೂರನೇ ಗಂಟೆಗೆ ನೋಯಲು ಶುರುವಾಗಬಹುದು. ಮೆಜೆಸ್ಟಿಕ್‌ನಲ್ಲಿ ಹತ್ತಿ, ಬೆಳಗಿನ ಜಾವ ಸಾಗರದಲ್ಲಿ ಇಳಿಯುವಾಗ ಕಿವಿಯಲ್ಲಿ ಏನೋ ಇದೆ ಅನ್ನುವುದೇ ಮರೆತುಹೋಗಿದ್ದರೆ, ಅದೇ ನಿಮ್ಮದು. ನೋವಾಗಿದ್ದರೆ ವಾಪಸ್ ಕೊಡುವ ಗಡುವಿನೊಳಗೇ ಕೊಟ್ಟುಬಿಡಿ.

ಹೊರಡುವ ಹಿಂದಿನ ದಿನ ಟಿಪ್ಪುಗಳನ್ನು ಬಿಚ್ಚಿ ನೋಡಿ. ಗುಗ್ಗೆ ಹಿಡಿದಿದ್ದರೆ ರಬ್ಬರಿನವನ್ನು ಸೋಪುನೀರಿನಲ್ಲಿ ತೊಳೆದು ಒಣಗಿಸಿ. ಫೋಮಿನವು ಗಟ್ಟಿಯಾಗಿದ್ದರೆ ಹೊಸತು ಹಾಕಿ. ಒಂದು ಜೊತೆ ಹೆಚ್ಚಿಗೆ ಕೈಚೀಲದಲ್ಲಿರಲಿ. ನಮ್ಮಮ್ಮ ತನ್ನವನ್ನು ಹಳೆಯ ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ಮುಚ್ಚಳ ಬಿಗಿಯಾಗಿದೆ, ಕಳೆದುಹೋಗುವುದಿಲ್ಲ. ಎಷ್ಟು ಒರೆಸಿದರೂ ಮೂಲೆಯಲ್ಲಿ ಉಳಿದ ಕೆಂಪು ಮಾತ್ರ ಟಿಪ್ಪಿನ ಅಂಚಿಗೆ ಸ್ವಲ್ಪ ಹತ್ತಿದೆ.