ನಕಾಶೆಯಲ್ಲಿ ಉಳಿದ ದಾರಿ

“ಅಮ್ಮ, ಇಲ್ಲಿ ನೀನು ನನ್ನ ಕೈ ಹಿಡ್ಕೊಳ್ಳೋದೇ ಇಲ್ಲ. ತಾತನ ಊರಲ್ಲಾದ್ರೆ ನೋಯೋ ಹಾಗೆ ಹಿಡ್ಕೊಳ್ತೀಯ.”

ಫ್ರಾನ್ಸಿನ ಬುಸ್ಸಿ ಎಂಬ ಊರಿನ ಹಳೆಯ ರೈಲು ನಿಲ್ದಾಣದ ಹತ್ತಿರ ಬೆಂಚಿನ ಮೇಲೆ ಕೂತು, ಕಾಲು ಆಡಿಸುತ್ತಾ ಬ್ರೆಡ್ಡು ಕಚ್ಚುತ್ತಿದ್ದ ಮಗಳು ಹೇಳಿದ ಮಾತಿದು. ಎಂಟು ವರ್ಷ ಅವಳಿಗೆ. ದೂರಿನ ದನಿಯೇನೂ ಇರಲಿಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳಿದಳು ಅಷ್ಟೆ. ಹೇಳಿ, ನೀರು ಕುಡಿದು, ಮತ್ತೆ ಸೈಕಲ್ ಹತ್ತಿ ಹೊರಟೇಬಿಟ್ಟಳು. ಆ ಮಾತು ಮಾತ್ರ ನನ್ನ ಜೊತೆ ಕ್ಲುನಿಯವರೆಗೂ ಬಂತು, ಅಲ್ಲಿಂದ ಮನೆಗೂ ಬಂತು.

ಜುಲೈ ರಜೆಗೆ ನಾನು, ಗಂಡ, ಮಗಳು ಮೂವರೂ ನಾವಿರುವ ಲಿಯೋಂನಲ್ಲಿ ಸೈಕಲ್‌ಗಳನ್ನು ಪ್ರಾದೇಶಿಕ ರೈಲಿಗೆ ಹತ್ತಿಸಿಕೊಂಡು ಶಾಲೋನ್‌ನಲ್ಲಿ ಇಳಿದಿದ್ದೆವು. ಸೋನ್ ನದಿಯ ದಡದ ಊರು ಅದು. ಈ ನದಿ ಎಷ್ಟು ನಿಧಾನವೆಂದರೆ ನೀರು ಯಾವ ಕಡೆ ಹರಿಯುತ್ತಿದೆಯೆಂದು ಕಣ್ಣಿಗೆ ತಿಳಿಯುವುದಿಲ್ಲ ಎಂದು ಜೂಲಿಯಸ್ ಸೀಸರ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದಾನೆ. ಸೇತುವೆಯ ಮೇಲೆ ನಿಂತು ಮಗಳು ಒಂದು ಎಲೆ ಕೆಳಗೆ ಹಾಕಿ ಬಹಳ ಹೊತ್ತು ನೋಡಿದಳು. ಸೀಸರ್ ಹೇಳಿದ್ದು ಇವತ್ತಿಗೂ ನಿಜ.

ಅಲ್ಲಿಂದ ಪಶ್ಚಿಮಕ್ಕೆ ಝಿವ್ರಿ. ಝಿವ್ರಿಯಿಂದ ದಕ್ಷಿಣಕ್ಕೆ ಕ್ಲುನಿಯವರೆಗೆ 44 ಕಿಲೋಮೀಟರು ಒಂದು ದಾರಿಯಿದೆ. ಅದರ ಮೇಲೆ ಕಾರಿಲ್ಲ, ಲಾರಿಯಿಲ್ಲ, ಬೈಕಿಲ್ಲ. ನಡೆಯುವವರು, ಸೈಕಲ್ಲಿನವರು, ಕಾಲಿಗೆ ಚಕ್ರ ಕಟ್ಟಿಕೊಂಡವರು ಮಾತ್ರ. ಒಂದು ಕಾಲಕ್ಕೆ ಇದು ರೈಲು ಹಾದಿ. ರೈಲು ನಿಂತಿತು, ಹಳಿ ಕಿತ್ತರು, ಆಮೇಲೆ 1997ರಲ್ಲಿ ಸೋನ್-ಎ-ಲ್ವಾರ್ ಜಿಲ್ಲೆಯವರು ಅದೇ ಹಾದಿಗೆ ಡಾಂಬರು ಹಾಕಿ ಜನರಿಗೆ ಬಿಟ್ಟುಕೊಟ್ಟರು. ಇಡೀ ಫ್ರಾನ್ಸಿನಲ್ಲಿ ಇಂಥ ‘ಹಸಿರು ದಾರಿ’ಗಳಲ್ಲಿ ಮೊದಲನೆಯದು ಇದೇ. ರೈಲು ಕಡಿದಾದ ಏರು ಹತ್ತಲಾರದು, ಹಾಗಾಗಿ ಈ ದಾರಿಯಲ್ಲಿ ಎಂಟು ವರ್ಷದ ಮಗುವನ್ನು ಸೋಲಿಸುವ ಏರೂ ಇಲ್ಲ. ಊರಿನ ರಸ್ತೆಗಳು ಅಡ್ಡ ಹಾಯುವ ಕಡೆ ಗೇಟು ನಿಲ್ಲಿಸಿದ್ದಾರೆ. ಅಲ್ಲಿ ಮಾತ್ರ “ನಿಂತ್ಕೋ” ಎಂದು ಕೂಗುತ್ತಿದ್ದೆ. ಮಿಕ್ಕಂತೆ ಅವಳು ಮುಂದೆ, ನಾವು ಹಿಂದೆ, ಕೆಲವೊಮ್ಮೆ ತಿರುವಿನಾಚೆ ಕಣ್ಣಿಗೂ ಕಾಣದಷ್ಟು ಮುಂದೆ.

ಎಡಬಲಕ್ಕೆ ದ್ರಾಕ್ಷಿ. ಝಿವ್ರಿಯ ಸುತ್ತ ಹೆಚ್ಚಾಗಿ ಪಿನೋ ನುವಾರ್ ಎಂಬ ಕಪ್ಪು ತಳಿ, ಬುಸ್ಸಿಯ ಕಡೆಗೆ ಬಂದರೆ ಬಿಳಿ ಶಾರ್ದೊನೆ. ನಾನು ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದವಳು. ಬಳ್ಳಿ ಅಂದರೆ ನನಗೆ ತಲೆಯ ಮೇಲಿರುವಂಥದ್ದು: ಕಲ್ಲುಕಂಬ ನೆಟ್ಟು, ತಂತಿ ಎಳೆದು, ಚಪ್ಪರ ಹಬ್ಬಿಸಿ, ಕೆಳಗೆ ಬಗ್ಗಿ ನಡೆಯಬೇಕು. ಇಲ್ಲಿ ಬಳ್ಳಿ ಸೊಂಟದೆತ್ತರಕ್ಕೆ ಸಾಲಾಗಿ ನಿಂತಿರುತ್ತದೆ. ಆದರೂ ಎಲೆ ಮುಟ್ಟಿದಾಗ ಬೆರಳಿಗೆ ಹತ್ತಿದ ತಿಳಿನೀಲಿ ಪುಡಿ ಮಾತ್ರ ಗುರುತಿನದು. ಬೋರ್ಡೋ ದ್ರಾವಣ. ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಹೊಡೆಯುವ ಈ ಔಷಧಿಯನ್ನು 1880ರ ದಶಕದಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಮಿಲಾರ್ದೆ ಬಳಕೆಗೆ ತಂದರು, ಅಮೆರಿಕದಿಂದ ಬಂದಿದ್ದ ಬೂಜು ರೋಗಕ್ಕೆ. ನಮ್ಮಪ್ಪ ಬೆಳಗಿನ ಜಾವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಅದನ್ನೇ ಕಲಸುತ್ತಿದ್ದರು. ಅವರ ಹಳೇ ಅಂಗಿಗಳೆಲ್ಲ ಆ ಬಣ್ಣಕ್ಕೇ ತಿರುಗಿದ್ದವು. ಇಲ್ಲಿಯ ಬಳ್ಳಿಗಳೂ ಅಮೆರಿಕದ ಬೇರಿನ ಮೇಲೆ ಕಸಿ ಮಾಡಿದವು, ಅಪ್ಪನ ದಿಲ್‌ಖುಷ್ ತಳಿಯ ಬಳ್ಳಿಯೂ ಡಾಗ್‌ರಿಜ್ ಎಂಬ ಅಮೆರಿಕದ ಬೇರಿನ ಮೇಲೇ ನಿಂತಿದೆ. ಇದನ್ನೆಲ್ಲ ಮಗಳಿಗೆ ಹೇಳುವಾಗ ನನಗೆ ಹೆಮ್ಮೆಯಾಗುತ್ತಿತ್ತು. ಇವರು ನೂರಾರು ವರ್ಷಗಳಿಂದ ಮಾಡುತ್ತಿರುವ ಕೆಲಸವನ್ನೇ ನನ್ನಪ್ಪನೂ ಮಾಡುತ್ತಾರೆ, ಅದೂ ಸಾವಿರ ಅಡಿ ಕೊರೆದರೂ ನೀರು ಸಿಗುವ ಭರವಸೆಯಿಲ್ಲದ ನೆಲದಲ್ಲಿ.

ನೀರಿನ ವಿಷಯ ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಈ ದಾರಿಯ ಪಕ್ಕದಲ್ಲೇ ಗ್ರೋನ್ ಎಂಬ ಸಣ್ಣ ಹೊಳೆ ಹರಿಯುತ್ತದೆ, ಮುಂದೆ ಹೋಗಿ ಸೋನ್ ಸೇರುತ್ತದೆ. ಕೊರ್ಮತಾಂ ಹತ್ತಿರ ಹುಲ್ಲುಗಾವಲಿನ ನಡುವೆ ಬಿಳಿ ದನಗಳು ಅದರ ನೀರಿನಲ್ಲಿ ಮೊಣಕಾಲುದ್ದ ನಿಂತಿದ್ದವು. ಯಾರೂ ಅದನ್ನು ದೊಡ್ಡ ಸಂಗತಿಯೆಂದು ನೋಡುವುದಿಲ್ಲ. ನಮ್ಮ ನಂದಿ ಬೆಟ್ಟದ ಸಾಲಿನಲ್ಲಿ ಅರ್ಕಾವತಿ ಹುಟ್ಟುತ್ತಾಳೆ, ಪಾಲಾರ್ ಹುಟ್ಟುತ್ತಾಳೆ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಇಬ್ಬರೂ ಹುಟ್ಟುತ್ತಾರೆ. ಅಷ್ಟು ನದಿಗಳ ತವರಿನಲ್ಲಿ ಈಗ ಬೆಂಗಳೂರಿನ ಚರಂಡಿ ನೀರನ್ನು ಶುದ್ಧಿ ಮಾಡಿ ಪೈಪಿನಲ್ಲಿ ತಂದು ಕೆರೆಗೆ ಬಿಡುತ್ತಾರೆ. ಶಾಲೆಯಲ್ಲಿ ನದಿಗಳ ಹೆಸರನ್ನು ಬಾಯಿಪಾಠ ಮಾಡಿದ ನಾನು ಅವುಗಳಲ್ಲಿ ಒಂದನ್ನೂ ಮಳೆಗಾಲದಾಚೆ ತುಂಬಿ ಹರಿದದ್ದು ನೋಡಿದವಳಲ್ಲ.

ಕೊರ್ಮತಾಂನಲ್ಲಿ ನೆರಳು ಹುಡುಕಿ ನಿಂತಾಗ ಒಬ್ಬ ಅಜ್ಜಿ ಮಾತಿಗೆ ಸಿಕ್ಕರು. ಎಂಬತ್ತು ದಾಟಿರಬೇಕು. ಮಗಳ ಹೆಲ್ಮೆಟ್ಟಿಗೆ ಅಂಟಿಸಿದ್ದ ನವಿಲಿನ ಚಿತ್ರ ನೋಡಿ ಯಾವೂರು ಎಂದು ಕೇಳಿದರು. ಈ ದಾರಿ ಎಷ್ಟು ಚೆನ್ನಾಗಿದೆ ಎಂದು ನಾನು ಮನಸಾರೆ ಹೊಗಳಿದೆ. ಅವರು ಹೌದೆಂದು ತಲೆಯಾಡಿಸಿ, “ನಿಮಗೆ ಚೆನ್ನಾಗಿದೆ. ನನಗೆ ರೈಲೇ ಬೇಕಿತ್ತು” ಎಂದರು. ಹುಡುಗಿಯಾಗಿದ್ದಾಗ ಇದೇ ಜಾಗದಿಂದ ರೈಲು ಹತ್ತಿ ಶಾಲೋನ್ ಸಂತೆಗೆ ಹೋಗಿ ಬರುತ್ತಿದ್ದರಂತೆ. ಈಗ ಡಾಕ್ಟರ ಹತ್ತಿರ ಹೋಗಬೇಕಾದರೂ ಮಗ ಕಾರು ತರುವವರೆಗೆ ಕಾಯಬೇಕು. ಕಾರಿಲ್ಲದ ದಾರಿಯ ಪಕ್ಕದಲ್ಲೇ ಮನೆ, ಕಾರಿಲ್ಲದೆ ಎಲ್ಲಿಗೂ ಹೋಗಲಾಗದ ಬದುಕು.

ನನಗೆ ಉತ್ತರ ಹೊಳೆಯಲಿಲ್ಲ. ಹೊರದೇಶದ ಸೊಬಗನ್ನು ಊರಿಗೆ ಬರೆದು ತಿಳಿಸುವಾಗ ಇಂಥ ಮಾತುಗಳನ್ನು ನಾವು ಬಿಟ್ಟುಬಿಡುತ್ತೇವೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಾರು ಬಂದು ಹಳ್ಳಿಯ ರೈಲನ್ನು ತಿಂದದ್ದು ಇಲ್ಲಿಯೂ ಹೌದು. ಕ್ಲುನಿಯ ಪಕ್ಕದಲ್ಲೇ 1981ರಿಂದ ಪ್ಯಾರಿಸ್–ಲಿಯೋಂ ನಡುವೆ ಟಿಜಿವಿ ಎಂಬ ಅತಿವೇಗದ ರೈಲು ಓಡುತ್ತಿದೆ, ಆದರೆ ಅದು ಕ್ಲುನಿಯಲ್ಲಿ ನಿಲ್ಲುವುದಿಲ್ಲ.

ಆದರೂ ಅಜ್ಜಿಯ ಮಾತು ಕೇಳಿದ ಮೇಲೆ ಒಂದು ಸಂಗತಿ ನನಗೆ ಇನ್ನೂ ನಿಚ್ಚಳವಾಯಿತು. ರೈಲು ನಿಂತ ಮೇಲೆ ಆ ಹಾದಿಯನ್ನು ತುಂಡು ತುಂಡು ಮಾಡಿ ಪಕ್ಕದ ಹೊಲದವರು ಉತ್ತುಕೊಳ್ಳಬಹುದಿತ್ತು. ದ್ರಾಕ್ಷಿ ನೆಲಕ್ಕೆ ಬರ್ಗಂಡಿ ಎಂಬ ಈ ಸೀಮೆಯಲ್ಲಿ ಚಿನ್ನದ ಬೆಲೆ. ಆಸೆಪಟ್ಟವರು ಇರಲಿಲ್ಲವೆಂದು ನಾನು ನಂಬುವುದಿಲ್ಲ. ಆದರೆ 44 ಕಿಲೋಮೀಟರು ದಾರಿ ಅಖಂಡವಾಗಿ ಎಲ್ಲರದಾಗಿಯೇ ಉಳಿಯಿತು. ಕ್ಲುನಿಯಾಚೆ ಮಾಕೋಂ ಕಡೆಗೆ ಹೋಗುವಾಗ ಬ್ವಾ ಕ್ಲೇರ್ ಎಂಬಲ್ಲಿ ಒಂದೂವರೆ ಕಿಲೋಮೀಟರಿಗೂ ಉದ್ದದ ರೈಲು ಸುರಂಗವಿದೆ. ಚಳಿಗಾಲದಲ್ಲಿ ಅಲ್ಲಿ ಬಾವಲಿಗಳು ಮಲಗುತ್ತವೆಂದು ಆ ತಿಂಗಳುಗಳು ಸುರಂಗ ಮುಚ್ಚಿ, ಸೈಕಲ್ಲಿನವರನ್ನು ಬೆಟ್ಟ ಹತ್ತಿಸಿ ಕಳಿಸುತ್ತಾರೆ. ದಾರಿಯಲ್ಲಿ ಬಾವಲಿಗೂ ಪಾಲಿದೆ.

ಕ್ಲುನಿಯ ಮಠದ ಮುಂದೆ ಸೈಕಲ್ ನಿಲ್ಲಿಸಿದೆವು. 910ರಲ್ಲಿ ಸ್ಥಾಪನೆಯಾದ ಮಠ. ರೋಮಿನ ಈಗಿನ ಸೇಂಟ್ ಪೀಟರ್ಸ್ ಕಟ್ಟುವವರೆಗೂ ಇಲ್ಲಿಯ ಚರ್ಚೇ ಕ್ರೈಸ್ತ ಜಗತ್ತಿನಲ್ಲಿ ದೊಡ್ಡದು. ಫ್ರೆಂಚ್ ಕ್ರಾಂತಿಯ ನಂತರ ಅದನ್ನು ಮಾರಿ, ಒಡೆದು, ಕಲ್ಲು ಸಾಗಿಸಿದರು. ಇವರು ಎಲ್ಲವನ್ನೂ ಉಳಿಸಿಕೊಂಡವರೇನಲ್ಲ. ಉಳಿದ ಒಂದು ಎತ್ತರದ ಗೋಪುರದ ಕೆಳಗೆ ಕೂತು ನನ್ನ ಗಂಡ ಮಗಳಿಗೆ ಐಸ್‌ಕ್ರೀಂ ಕೊಡಿಸುತ್ತಿದ್ದರು, ನಾನು ಊರಿನ ರಸ್ತೆಯನ್ನು ನೆನೆಯುತ್ತಿದ್ದೆ.

ಹೋದ ಸಲ ಊರಿಗೆ ಹೋದಾಗ ಅಂಗಡಿಗೆ ಹೋಗಲು ದಾಟಬೇಕಿದ್ದದ್ದು ಒಂದೇ ರಸ್ತೆ. ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆ. ಜಲ್ಲಿ ತುಂಬಿದ ಟಿಪ್ಪರುಗಳು, ಎದುರು ದಿಕ್ಕಿನಲ್ಲಿ ನುಗ್ಗುವ ಬೈಕುಗಳು, ವಾರದ ಕೊನೆಗೆ ನಂದಿ ಬೆಟ್ಟಕ್ಕೆ ಹೊರಟ ಕಾರುಗಳು. ಮಗಳ ಮುಂಗೈ ಹಿಡಿದು ಓಡಿದ್ದೆ. ಆಚೆ ಬದಿ ತಲುಪಿದ ಮೇಲೆ ಅವಳು ಕೈ ಉಜ್ಜಿಕೊಂಡದ್ದು ಈಗ ನೆನಪಾಗುತ್ತದೆ, ಆಗ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮಣ್ಣನ ಮಗಳಿಗೆ ಹನ್ನೆರಡು ವರ್ಷ, ಶಾಲೆ ವ್ಯಾನಿನಲ್ಲಿ ಹೋಗಿ ಬರುತ್ತಾಳೆ. ಅವಳಿಗೆ ಸೈಕಲ್ ಬರುವುದಿಲ್ಲ. ಕಲಿಸಲು ಜಾಗವೆಲ್ಲಿದೆ ಎಂದು ಅತ್ತಿಗೆ ಕೇಳಿದರು.

ಇದೇ ಊರಿನಲ್ಲಿ ನಾನು ಸೈಕಲ್ ತುಳಿದೇ ಹೈಸ್ಕೂಲು ಓದಿದವಳು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಾನು ಎಂಟನೇ ತರಗತಿ. ಅದರ ಬಗ್ಗೆ ಯಾರು ಏನೇ ಹೇಳಲಿ, ಹಳ್ಳಿಯ ಹೆಣ್ಣುಮಕ್ಕಳನ್ನು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಸೈಕಲ್ ಹತ್ತಿಸಿದ ಕೆಲಸ ಅದು. ಸೈಕಲ್ ಬಾರದಿದ್ದರೆ ಏಳನೇ ತರಗತಿಗೇ ಓದು ಬಿಡುತ್ತಿದ್ದ ಹುಡುಗಿಯರು ನನ್ನ ಜೊತೆಯಲ್ಲೇ ಇದ್ದರು. ನಾವು ಹೆದ್ದಾರಿಗೆ ಹೋಗುತ್ತಲೇ ಇರಲಿಲ್ಲ. ತೋಟಗಳ ನಡುವಿನ ಬಂಡಿ ದಾರಿ, ಕೆರೆ ಏರಿ, ಆಮೇಲೆ ಹುಣಸೆ ತೋಪು, ಅದರಾಚೆ ಸ್ಕೂಲು. ಎರಡೂ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರ. ಹಣ್ಣಿನ ಕಾಲದಲ್ಲಿ ಆ ದಾರಿಯೆಲ್ಲ ವಾಸನೆ ಕಟ್ಟಿಕೊಂಡಿರುತ್ತಿತ್ತು. ನಮ್ಮ ಹಿಂದೆ ದೊಡ್ಡವರು ಯಾರೂ ಬರುತ್ತಿರಲಿಲ್ಲ, ಯಾರೂ ಕೈ ಹಿಡಿಯುತ್ತಿರಲಿಲ್ಲ. ನನ್ನ ಮಗಳು ಫ್ರಾನ್ಸಿನಲ್ಲಿ ಕಂಡದ್ದು ನನಗೆ ಊರಿನಲ್ಲೇ ಸಿಕ್ಕಿತ್ತು.

ಲಿಯೋಂಗೆ ವಾಪಸ್ಸು ಬಂದ ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು ಬಳ್ಳಿಯ ವಿಚಾರ: ಎಷ್ಟು ಅಡಿಗೆ ಒಂದು ಸಾಲು, ಯಾವಾಗ ಬಳ್ಳಿ ಕತ್ತರಿಸಿ ಚಾಟನಿ ಮಾಡುತ್ತಾರೆ, ಹನಿ ನೀರಾವರಿ ಇದೆಯಾ. ಬರ್ಗಂಡಿಯ ತೋಟಗಳು ಮಳೆಯನ್ನೇ ನಂಬಿವೆ ಎಂದಾಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊಮ್ಮಗಳು ಬುಸ್ಸಿಯಲ್ಲಿ ಹೇಳಿದ್ದನ್ನು ಹೇಳಿದೆ. ಹೇಳಬಾರದಿತ್ತೇನೋ ಅನ್ನಿಸುವಷ್ಟು ನೊಂದುಕೊಂಡರು. “ಮಗು ಹಾಗಂದ್ಲಾ” ಎಂದು ಮತ್ತೆ ಮತ್ತೆ ಕೇಳಿದರು.

“ಅಪ್ಪ, ನಾವು ಸ್ಕೂಲಿಗೆ ಹೋಗ್ತಿದ್ದ ಬಂಡಿ ದಾರಿ ಏನಾಯ್ತು?” ಎಂದೆ.

“ನಕಾಶೆಯಲ್ಲಿ ಇನ್ನೂ ಇದೆ ಕಣಮ್ಮ. ಗ್ರಾಮ ನಕಾಶೆ ತೆಗೆದು ನೋಡು, ಚುಕ್ಕಿ ಗೆರೆ ಹಾಗೇ ಇದೆ. ನೆಲದ ಮೇಲೆ ಇಲ್ಲ. ಮೂರು ಕಡೆ ಮುಚ್ಚಿಹೋಗಿದೆ.”

“ಯಾರು ಮುಚ್ಚಿದ್ದು?”

ಸ್ವಲ್ಪ ತಡೆದು ಹೇಳಿದರು. “ಇಬ್ಬರು ಬೇಲಿ ಹಾಕ್ಕೊಂಡ್ರು. ಮೂರನೇದು ನಮ್ಮದೇ. ದಿಲ್‌ಖುಷ್ ಹಾಕಿದಾಗ ಎರಡು ಸಾಲು ಕಂಬ ದಾರಿ ಮೇಲೇ ಬಂತು. ಅವರು ಹಾಕಿದ ಮೇಲೆ ನಾನೂ ಹಾಕಿದೆ.”

ಆ ಚಪ್ಪರ ನನಗೆ ಚೆನ್ನಾಗಿ ಗೊತ್ತು. ನಾನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಸೇರಿದ ವರ್ಷ ನೆಟ್ಟದ್ದು. ನನ್ನ ಫೀಸು ಆ ತೋಟದಿಂದ ಬಂತು, ಇಲ್ಲಿಗೆ ಬರಲು ತೆಗೆದ ಮೊದಲ ವಿಮಾನದ ಟಿಕೆಟ್ಟೂ ಆ ತೋಟದ್ದೇ. ಅಪ್ಪನ ಮೇಲೆ ಕೋಪಿಸಿಕೊಳ್ಳುವ ಹಕ್ಕು ನನಗೆ ಇದೆಯೆಂದು ನನಗನ್ನಿಸುವುದಿಲ್ಲ. ಆದರೆ ದಾರಿ ಎಲ್ಲರದು ಎನ್ನುವುದೂ ಅಷ್ಟೇ ನಿಜ, ಮತ್ತು ಅದನ್ನು ಉಳಿಸಿಕೊಳ್ಳಲು ಫ್ರಾನ್ಸಿನಷ್ಟು ದುಡ್ಡು ಬೇಕಾಗಿಲ್ಲ. ನಮ್ಮ ದಾರಿಗೆ ಡಾಂಬರೂ ಬೇಡ. ಮೂರು ಕಡೆ ಜಾಗ ಬಿಟ್ಟರೆ ಹನ್ನೆರಡು ವರ್ಷದ ಹುಡುಗಿ ಹೆದ್ದಾರಿ ಮುಟ್ಟದೆ ಸ್ಕೂಲಿಗೆ ಹೋಗುತ್ತಾಳೆ.

“ಮೊದಲು ನಾವು ಕೀಳೋಣ ಅಪ್ಪ” ಎಂದೆ.

“ನಾವು ಕಿತ್ತರೆ ಅವರು ಕೀಳ್ತಾರಾ?”

“ನಾವು ಕೀಳದೆ ಅವರನ್ನ ಕೇಳೋಕಾಗುತ್ತಾ?”

ಅಮ್ಮ ಪಕ್ಕದಿಂದ ಏನೋ ಹೇಳಿದ್ದು ಕೇಳಿಸಿತು. ಅಪ್ಪ ಫೋನನ್ನು ಆಚೆ ಹಿಡಿದು ಅವರ ಜೊತೆ ಮಾತಾಡಿದರು. ಮತ್ತೆ ಬಂದಾಗ ದನಿ ಗಟ್ಟಿಯಾಗಿತ್ತು. “ಈ ಫಸಲು ಮುಗೀಲಿ. ಸರ್ವೇಯರ್‌ಗೆ ಅರ್ಜಿ ಹಾಕಿ ಅಳೆಸ್ತೀನಿ. ನಮ್ಮ ಎರಡು ಸಾಲು ತೆಗೀತೀನಿ. ಮಿಕ್ಕ ಇಬ್ಬರ ಜೊತೆ ಮಾತ್ರ ನೀನೇ ಬಂದು ಮಾತಾಡಬೇಕು, ನನ್ನ ಮಾತು ಕೇಳಲ್ಲ ಅವರು.”

ಒಪ್ಪಿಕೊಂಡಿದ್ದೇನೆ. ಡಿಸೆಂಬರ್ ರಜೆಗೆ ಟಿಕೆಟ್ ತೆಗೆದಾಗಿದೆ. ಆ ಇಬ್ಬರಲ್ಲಿ ಒಬ್ಬರು, ಅದೇ ದಾರಿಯಲ್ಲಿ ನನ್ನ ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದ ಗೆಳತಿಯ ಅಪ್ಪ. ಅವಳೀಗ ದೇವನಹಳ್ಳಿಯಲ್ಲಿದ್ದಾಳೆ, ನಿನ್ನೆ ಫೋನಿನಲ್ಲಿ ಸಿಕ್ಕಳು. ನಾನೂ ಬರ್ತೀನಿ ಕಣೇ, ಅಪ್ಪನ ಹತ್ತಿರ ಇಬ್ಬರೂ ಒಟ್ಟಿಗೇ ಹೋಗೋಣ ಎಂದಿದ್ದಾಳೆ.