ಅತ್ತೆ ಸೀರಿಯಲ್ ಸೆಟ್‌ನ ಪ್ಲಗ್ ತೆಗೆದ ರಾತ್ರಿ

ನಮ್ಮ ಮನೆ ಇರುವುದು ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ. ತಾರಸಿಯ ಮೇಲೆ ನೀರಿನ ಟ್ಯಾಂಕು, ಸೋಲಾರ್ ಹೀಟರು, ಬಟ್ಟೆ ಒಣಹಾಕುವ ಎರಡು ತಂತಿ. 2017ರ ಫೆಬ್ರವರಿಯ ಒಂದು ರಾತ್ರಿ ಇವುಗಳ ನಡುವೆ ಆಂಟೆನಾ ಹಿಡಿದು ನಿಂತು, ನಾನು ಮೊದಲ ಸಲ ಒಂದು ಪುಟ್ಟ ಉಪಗ್ರಹದ ಟೆಲಿಮೆಟ್ರಿಯನ್ನು, ಅಂದರೆ ತಾನು ಹೇಗಿದ್ದೇನೆ ಅಂತ ಅದು ರೇಡಿಯೋದಲ್ಲಿ ಕಳಿಸುವ ಅಂಕಿಗಳನ್ನು, ಹಿಡಿದೆ. ಆ ರಾತ್ರಿಯನ್ನು ಬರೆದಿಡಬೇಕು ಅಂತ ಎಷ್ಟೋ ದಿನದಿಂದ ಅಂದುಕೊಳ್ಳುತ್ತಿದ್ದೆ.

ಆ ತಿಂಗಳ 15ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ37 ಹಾರಿತ್ತು. ಒಂದೇ ಸಲಕ್ಕೆ 104 ಉಪಗ್ರಹ. ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲೂ ದಿನವಿಡೀ ಅದೇ ಮಾತು. ಆದರೆ ಹ್ಯಾಮ್‌ಗಳಾದ, ಅಂದರೆ ಹವ್ಯಾಸಕ್ಕೆ ರೇಡಿಯೋ ನಡೆಸುವ, ನಮ್ಮ ಕಣ್ಣೆಲ್ಲಾ ಆ 104ರಲ್ಲಿ ಒಂದರ ಮೇಲಿತ್ತು. ಅದರ ಹೆಸರು ನಾಯಿಫ್-1. ಯುಎಇಯಲ್ಲಿ ಶಾರ್ಜಾದ ವಿದ್ಯಾರ್ಥಿಗಳು ಕೈಹಾಕಿ ಮಾಡಿದ್ದು. ಹತ್ತು ಸೆಂಟಿಮೀಟರ್ ಉದ್ದಗಲದ ಡಬ್ಬಿ, ಹೆಚ್ಚುಕಡಿಮೆ ಒಂದು ಸಾರಿನ ಚೊಂಬಿನಷ್ಟು. ಅದು ಹ್ಯಾಮ್ ಬ್ಯಾಂಡಿನಲ್ಲಿ, 145.940 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತಿತ್ತು. ಲೈಸೆನ್ಸ್ ಇರುವ ಯಾವ ಹ್ಯಾಮ್ ಬೇಕಾದರೂ ಕೇಳಿಸಿಕೊಳ್ಳಬಹುದು, ಕೇಳಿದ್ದನ್ನು ಕಳಿಸಬಹುದು. ಕಳಿಸಿ ಅಂತ ಅವರೇ ಕೇಳಿಕೊಂಡಿದ್ದರು.

ಯಾಕೆ ಕೇಳಿಕೊಳ್ಳುತ್ತಾರೆ ಅಂತ ನನಗೆ ತಿಳಿಸಿಕೊಟ್ಟವರು ಮೇಷ್ಟ್ರು. ನಿವೃತ್ತರು, ಪಕ್ಕದ ಬೀದಿಯವರು. ನಾನು ಹ್ಯಾಮ್ ಪರೀಕ್ಷೆ ಬರೆದಿದ್ದೇ ಅವರಿಂದ. 2005ರಲ್ಲಿ ಇಸ್ರೋ ಹಾರಿಸಿದ ಹ್ಯಾಮ್‌ಸ್ಯಾಟ್ ಮೂಲಕ ಅವರು ಮಾತಾಡಿದ್ದರು. 42.5 ಕಿಲೋದ ಆ ಉಪಗ್ರಹ 2014ರವರೆಗೆ ಕೆಲಸ ಮಾಡಿತು. ಅದರ ಮಾತು ಬಂದರೆ ಈಗಲೂ ಮೇಷ್ಟ್ರ ದನಿ ಮೆತ್ತಗಾಗುತ್ತದೆ.

"ನೋಡಮ್ಮ," ಅಂದರು. "ಆ ಮಕ್ಕಳ ಹತ್ತಿರ ಇರೋದು ಒಂದು ಗ್ರೌಂಡ್ ಸ್ಟೇಷನ್. ಉಪಗ್ರಹ ಅವರ ತಲೆ ಮೇಲೆ ದಿನಕ್ಕೆ ನಾಲ್ಕೈದು ಸಲ ಬರುತ್ತೆ. ಬಂದಾಗ ಹತ್ತು ನಿಮಿಷ. ಮಿಕ್ಕಿದ ಹೊತ್ತು ಅದು ಹೇಗಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಬಂಗಾಳ ಕೊಲ್ಲಿ ಮೇಲೆ ಹೋಗುವಾಗ ಶಾರ್ಜಾಕ್ಕೆ ಕೇಳಿಸಲ್ಲ. ನಮಗೆ ಕೇಳಿಸುತ್ತೆ."

ಈ ಮಾತು ನನ್ನಲ್ಲಿ ಹಾಗೇ ಉಳಿಯಿತು.

ಆಂಟೆನಾ ನಾನೇ ಮಾಡಿದ್ದೆ. ಬಡಗಿಗಳು ಅಳತೆಗೆ ಇಟ್ಟುಕೊಳ್ಳುತ್ತಾರಲ್ಲ, ಆ ಹಳದಿ ಸ್ಟೀಲ್ ಟೇಪು. ಅದನ್ನು ಕತ್ತರಿಸಿ, ಪಿವಿಸಿ ಪೈಪಿಗೆ ಕಟ್ಟಿದ ಮೂರು ಕಡ್ಡಿಯ ಯಾಗಿ, ಅಂದರೆ ಒಂದು ದಿಕ್ಕಿಗೆ ಹಿಡಿದು ಕೇಳುವ ಆಂಟೆನಾ. ಒಂದೊಂದು ಕಡ್ಡಿಯೂ ಸುಮಾರು ಒಂದು ಮೀಟರ್. ಟೇಪಿನ ಬಣ್ಣದ ಮೇಲೆ ಬೆಸುಗೆ ನಿಲ್ಲುವುದಿಲ್ಲ. ಉಪ್ಪು ಕಾಗದದಲ್ಲಿ ಉಜ್ಜಿ, ಹಳದಿ ಪೂರ್ತಿ ಹೋಗಿ ಉಕ್ಕು ಹೊಳೆಯುವವರೆಗೂ ಬಿಡಬಾರದು. ನನ್ನದರಲ್ಲಿ 47 ಅನ್ನುವ ಅಂಕಿ ಅರ್ಧ ಮಾತ್ರ ಅಳಿಸಿದೆ, ಈಗಲೂ ಕಾಣುತ್ತದೆ. ಕೋಆಕ್ಸ್ ಕೇಬಲ್ಲು, ಕನೆಕ್ಟರು ಎಸ್‌ಪಿ ರೋಡಿನಲ್ಲಿ ತಂದೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿ ರೇಡಿಯೋ ಕೇಳುವ ಒಂದು ಎಸ್‌ಡಿಆರ್ ಡಾಂಗಲ್. ಅಷ್ಟೇ ಸಾಮಾನು.

ಆ ರಾತ್ರಿಯ ಪಾಸ್, ಅಂದರೆ ಉಪಗ್ರಹ ನಮ್ಮ ಆಕಾಶ ದಾಟುವ ಹೊತ್ತು, ಒಂಬತ್ತರ ಸುಮಾರಿಗೆ ಇತ್ತು. ಅರ್ಧ ಗಂಟೆ ಮೊದಲೇ ಮೇಲೆ ಹೋಗಿ ಲ್ಯಾಪ್‌ಟಾಪ್ ತೆರೆದರೆ, ಸಿಗ್ನಲ್‌ಗಳನ್ನು ಗೆರೆಯಾಗಿ ತೋರಿಸುವ ವಾಟರ್‌ಫಾಲ್ ಅನ್ನುವ ಚಿತ್ರದ ತುಂಬಾ ಗಲಾಟೆ. ಒಂದೇ ಅಂತರದಲ್ಲಿ, ಬಾಚಣಿಗೆ ಹಲ್ಲಿನ ಹಾಗೆ, ಉದ್ದುದ್ದ ಗೆರೆಗಳು. ಉಪಗ್ರಹದ ಗೆರೆ ಹೀಗಿರುವುದಿಲ್ಲ. ಅದು ನಮ್ಮ ಕಡೆ ಬರುವಾಗ ಮೇಲಿನ ಫ್ರೀಕ್ವೆನ್ಸಿಯಲ್ಲಿ ಕಾಣುತ್ತದೆ, ದೂರ ಹೋಗುವಾಗ ಕೆಳಗೆ ಜಾರುತ್ತದೆ. ಈ ಬ್ಯಾಂಡಿನಲ್ಲಿ ಆಚೆಗೆ ಮೂರು, ಈಚೆಗೆ ಮೂರು ಕಿಲೋಹರ್ಟ್ಸ್. ಡಾಪ್ಲರ್ ಅಂತ ಒಂಬತ್ತನೇ ಕ್ಲಾಸಿಗೆ ರೈಲಿನ ಸೀಟಿ ಹೇಳಿ ಪಾಠ ಮಾಡಿದ್ದೇನೆ. ಬಳುಕಿದರೆ ಅದು ಆಕಾಶದ್ದು. ನೆಟ್ಟಗೆ ನಿಂತರೆ ಅದು ಮನೆಯದ್ದೇ ಅಥವಾ ಬೀದಿಯದ್ದೇ.

ಕೆಳಗಿಳಿದು ಒಂದೊಂದೇ ಆಫ್ ಮಾಡಿದೆ. ಯುಪಿಎಸ್, ವೈಫೈ, ಟಿವಿ, ಅಡುಗೆಮನೆ ಬಲ್ಬು. ಗೆರೆ ಅಲ್ಲಾಡಲಿಲ್ಲ. ಕೊನೆಗೆ ಉಳಿದಿದ್ದು ದೇವರ ಮನೆ. ಅಲ್ಲಿ ಗಣಪತಿ ಫೋಟೋ ಸುತ್ತ ಅತ್ತೆ ಹಾಕಿಸಿದ್ದ ಎಲ್‌ಇಡಿ ಸೀರಿಯಲ್ ಸೆಟ್ಟು.

"ಅತ್ತೆ, ಹತ್ತೇ ನಿಮಿಷ ಇದನ್ನ ಆಫ್ ಮಾಡ್ಲಾ?"

"ದೇವರ ಮುಂದಿನ ಬೆಳಕು ತೆಗೀತಾರೇನೆ ರಾತ್ರಿ ಹೊತ್ತು?"

ನಾನು ವಿಷಯ ಹೇಳಿದೆ. ಪರದೇಶದ ಮಕ್ಕಳು ಮಾಡಿದ್ದು, ನಮ್ಮ ರಾಕೆಟ್ಟಿನಲ್ಲೇ ಹೋಗಿದ್ದು, ಈಗ ನಮ್ಮ ಪೂರ್ವಕ್ಕೆ ಹಾದು ಹೋಗುತ್ತದೆ ಅಂತ. ಅದರ ದನಿ ಎಷ್ಟು ಬಡಕಲು ಅಂದರೆ, ಒಂದು ವಾಟ್ ಕೂಡ ಇಲ್ಲ. ನಮ್ಮ ಝೀರೋ ಬಲ್ಬಿಗಿಂತ ಕಡಿಮೆ. ದಿಗಂತದಲ್ಲಿ ಹುಟ್ಟುವಾಗ ಸುಮಾರು 2,500 ಕಿಲೋಮೀಟರ್ ದೂರದಲ್ಲಿರುತ್ತದೆ. ಅತ್ತೆ ಎಲ್ಲಾ ಕೇಳಿಸಿಕೊಂಡರು. ಎದ್ದು, ಎಣ್ಣೆ ದೀಪ ಹಚ್ಚಿದರು. ಆಮೇಲೆ ತಾವೇ ಸೀರಿಯಲ್ ಸೆಟ್ಟಿನ ಪ್ಲಗ್ ತೆಗೆದರು. "ಈಗ ಹೋಗು."

ವಾಟರ್‌ಫಾಲ್ ಶಾಂತವಾಗಿತ್ತು. ದಕ್ಷಿಣಕ್ಕೆ, ಮಲ್ಲೇಶ್ವರದ ಕಡೆ ಆಂಟೆನಾ ಹಿಡಿದೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಮಸುಕು ಗೆರೆ, ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವಂಥದ್ದು. ಕೈಯನ್ನು ಸ್ವಲ್ಪ ಓರೆ ಮಾಡಿದಾಗ ಗೆರೆ ಗಟ್ಟಿಯಾಯಿತು. ಈ ಡಬ್ಬಿಗಳು ತಿರುಗುತ್ತಲೇ ಇರುತ್ತವೆ, ಅದಕ್ಕೇ ಆಂಟೆನಾವನ್ನೂ ಮಣಿಕಟ್ಟಿನಲ್ಲಿ ತಿರುಗಿಸುತ್ತಾ ಹುಡುಕಬೇಕು. ಅಂಕಿಗಳು ಬರುವುದು ಫ್ರೇಮ್ ಅನ್ನುವ ಕಂತುಗಳಲ್ಲಿ. ಫ್ರೇಮ್ ಒಂದಕ್ಕೆ ಐದು ಸೆಕೆಂಡು, ಅದರಲ್ಲಿ 256 ಬೈಟ್. ಮೊದಲ ಫ್ರೇಮ್ ಡಿಕೋಡ್ ಆದಾಗ ಪರದೆಯ ಖಾಲಿ ಮನೆಗಳಲ್ಲೆಲ್ಲಾ ಒಟ್ಟಿಗೆ ಅಂಕಿಗಳು ಬಂದು ಕೂತವು. ಬ್ಯಾಟರಿ ವೋಲ್ಟೇಜು. ಮೈಯ ತಾಪ. ಸೌರ ಫಲಕಗಳ ಕರೆಂಟು ಮಾತ್ರ ಎಲ್ಲಾ ಕಡೆ ಸೊನ್ನೆ.

ಒಂದು ಕ್ಷಣ ಎದೆ ಧಸಕ್ಕೆಂದಿತು. ಫಲಕಗಳೇ ಕೆಟ್ಟಿವೆಯಾ ಅಂತ. ಆಮೇಲೆ ಹೊಳೆಯಿತು: ಅಲ್ಲಿಯೂ ರಾತ್ರಿ. ಅದು ಭೂಮಿಯ ನೆರಳಿನಲ್ಲಿತ್ತು, ಬ್ಯಾಟರಿಯಲ್ಲಿ ಬದುಕುತ್ತಿತ್ತು. ನಾನು ನಿಂತ ಕತ್ತಲೆಯಲ್ಲೇ ಅದೂ ಇತ್ತು.

ಉತ್ತರಕ್ಕೆ, ದೊಡ್ಡಬಳ್ಳಾಪುರದ ದಿಕ್ಕಿನಲ್ಲಿ ಅದು ಮುಳುಗುವಷ್ಟರಲ್ಲಿ ಸಿಕ್ಕಿದ್ದು 11 ಫ್ರೇಮ್. ಹತ್ತು ನಿಮಿಷಕ್ಕೆ ನೂರಿಪ್ಪತ್ತು ಬರಬಹುದು, ಆದರೂ ಆ 11 ನನಗೆ ದೊಡ್ಡವು. ಸಾಫ್ಟ್‌ವೇರು ಅವನ್ನು ಆಗಲೇ, ಈ ಅಂಕಿಗಳನ್ನೆಲ್ಲಾ ಒಟ್ಟುಗೂಡಿಸುವ ಫನ್‌ಕ್ಯೂಬ್ ತಂಡದ ಸರ್ವರ್‌ಗೆ ಕಳಿಸಿಬಿಟ್ಟಿತ್ತು. ಈ ಫ್ರೇಮುಗಳಲ್ಲಿ ಆ ಹೊತ್ತಿನ ಲೆಕ್ಕ ಮಾತ್ರ ಇರುವುದಿಲ್ಲ. ಉಪಗ್ರಹ ಹಿಂದಿನ ಇಡೀ ಸುತ್ತಿನಲ್ಲಿ ನಿಮಿಷಕ್ಕೊಮ್ಮೆ ಬರೆದುಕೊಂಡ ಅಂಕಿಗಳೂ ತುಂಡು ತುಂಡಾಗಿ ಬರುತ್ತವೆ. ನನ್ನ ಹತ್ತಿರದ ತುಂಡು, ಇನ್ನೆಲ್ಲೋ ಜಪಾನಿನಲ್ಲೋ ಬ್ರೆಜಿಲ್‌ನಲ್ಲೋ ಕೂತವರ ತುಂಡು ಸೇರಿದರೆ ಒಂದು ಸುತ್ತು ಪೂರ್ತಿ ಆಗುತ್ತದೆ. ಪೆಸಿಫಿಕ್ ಸಮುದ್ರದ ಮೇಲೆ ಅದಕ್ಕೆ ಎಷ್ಟು ಚಳಿಯಾಗಿತ್ತು ಅನ್ನುವುದು ವಿದ್ಯಾರಣ್ಯಪುರದ ತಾರಸಿಯಲ್ಲಿ ಸಿಗುತ್ತದೆ, ಅಲ್ವಾ!

ಒಂದು ತಪ್ಪನ್ನೂ ಹೇಳಬೇಕು, ಹೊಸಬರಿಗೆ ಉಪಯೋಗವಾದೀತು. ಮುಂದಿನ ವರ್ಷ ಇನ್ನೊಂದು ಕಾಲೇಜಿನ ಉಪಗ್ರಹದ ಫ್ರೇಮುಗಳನ್ನು ಕೈಯಾರೆ ಕಳಿಸಿದೆ. ಲ್ಯಾಪ್‌ಟಾಪಿನ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು. ನಾಲ್ಕು ನಿಮಿಷದಲ್ಲಿ ಉಪಗ್ರಹ 1,800 ಕಿಲೋಮೀಟರ್ ಹೋಗಿರುತ್ತದೆ. ನೆರಳಿನಲ್ಲಿದ್ದದ್ದು ಬಿಸಿಲಿನಲ್ಲಿತ್ತು ಅಂತ ಲೆಕ್ಕ ಬಂತು. ಅವರಿಗೆ ಕಾಗದ ಬರೆದು ಎಲ್ಲವನ್ನೂ ತೆಗೆಸಿದೆ. ಅವತ್ತಿನಿಂದ ಪ್ರತಿ ಪಾಸಿಗೂ ಮೊದಲು ಗಡಿಯಾರ ನೋಡುತ್ತೇನೆ, ಲೋಕಕ್ಕೆಲ್ಲಾ ಒಂದೇ ಆದ ಯುಟಿಸಿ ಸಮಯದಲ್ಲೇ ಬರೆಯುತ್ತೇನೆ. ಅರ್ಧ ಬಂದ ಫ್ರೇಮನ್ನು ಊಹಿಸಿ ತುಂಬುವುದಿಲ್ಲ. ಆ ಅಂಕಿ ನಂಬಿ ಅಲ್ಲಿ ಯಾರೋ ಬ್ಯಾಟರಿಯ ಬಗ್ಗೆ ತೀರ್ಮಾನ ಮಾಡುತ್ತಾರೆ.

ಈಗ ಟ್ಯಾಂಕಿನ ಪಕ್ಕ ಸ್ಯಾಟ್‌ನಾಗ್ಸ್ ಅನ್ನುವ, ಉಪಗ್ರಹ ಕೇಳುವ ಸ್ಟೇಷನ್‌ಗಳ ಜಾಲಕ್ಕೆ ಸೇರಿದ ಒಂದು ಸಣ್ಣ ಸ್ಟೇಷನ್ ಇದೆ. ನಾನು ಪಾಠ ಮಾಡುವಾಗಲೂ ಅದು ಕೇಳಿಸಿಕೊಳ್ಳುತ್ತಿರುತ್ತದೆ. ಆದರೂ ಭಾನುವಾರ ಹಳೇ ಟೇಪಿನ ಯಾಗಿಯನ್ನೇ ಹಿಡಿಯುತ್ತೇನೆ. ಎಒ-7 ಅನ್ನುವ ಉಪಗ್ರಹಕ್ಕಾಗಿ ವಿಶೇಷವಾಗಿ ಕಾಯುತ್ತೇನೆ. 1974ರಲ್ಲಿ ಹಾರಿದ್ದು, 1981ರಲ್ಲಿ ಬ್ಯಾಟರಿ ಹೋಗಿ ಸುಮ್ಮನಾಯಿತು. 2002ರಲ್ಲಿ ಇಂಗ್ಲೆಂಡಿನ ಒಬ್ಬ ಹ್ಯಾಮ್‌ಗೆ ಅದರ ದನಿ ಮತ್ತೆ ಕೇಳಿಸಿತು. ಬಿಸಿಲು ಬಿದ್ದಾಗ ಮಾತ್ರ ಎದ್ದು ಮಾತಾಡುತ್ತದೆ. 21 ವರ್ಷದ ಮೇಲೂ ಒಬ್ಬರು ಕಿವಿ ಕೊಟ್ಟು ಕೂತಿದ್ದರು ಅನ್ನುವುದನ್ನು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

ಆ ಮೊದಲ ರಾತ್ರಿ ಕೆಳಗೆ ಬಂದಾಗ ಅತ್ತೆ ಎಣ್ಣೆ ದೀಪದ ಮುಂದೆ ಕೂತೇ ಇದ್ದರು. "ಸಿಕ್ತಾ?"

"ಸಿಕ್ತು ಅತ್ತೆ. ಕತ್ತಲಲ್ಲಿದೆ. ಬ್ಯಾಟರಿ ಚೆನ್ನಾಗಿದೆ."

"ಬಿಸಿಲು ಯಾವಾಗ ಬರುತ್ತೆ ಅದಕ್ಕೆ?"

"ಇನ್ನೊಂದು ಕಾಲು ಗಂಟೆ."

ಅವರು ಗೋಡೆ ಗಡಿಯಾರ ನೋಡಿದರು. ಅಷ್ಟು ಹೊತ್ತೂ ಸೀರಿಯಲ್ ಸೆಟ್ ಹಾಕಲಿಲ್ಲ.